ಸೈಟಲ್ಲಿ ಬಿದ್ದವನ ಹತ್ರ ಮೊದ್ಲು ಬರೋದು ಛಾಪಾ ಕಾಗದ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೂರನೇ ಮಹಡಿಯಿಂದ ಬಿದ್ದು ಕಾರ್ಮಿಕ ಸಾವು, ಸೆಂಟ್ರಿಂಗ್ ಕುಸಿದು ಇಬ್ಬರಿಗೆ ಗಾಯ, ಈ ಥರದ ನಾಲ್ಕು ಸಾಲಿನ ಸುದ್ದಿ ಪೇಪರ್ ಒಳಪುಟದಲ್ಲಿ ಬರ್ತಾನೇ ಇರುತ್ತೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚಲ್ಲಿ ಬಿಲ್ಡಿಂಗ್ ಕುಸಿದಾಗ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರಲ್ಲಿ ಕುಸಿದಾಗ ಮಂತ್ರಿಗಳು ಬಂದ್ರು, ಪರಿಹಾರ ಘೋಷಣೆ ಆಯ್ತು, ಎಲ್ಲರಿಗೂ ಗೊತ್ತಾಯ್ತು. ಆದ್ರೆ ಒಬ್ಬನೇ ಬಿದ್ದು ಸೊಂಟ ಮುರ್ಕೊಂಡ್ರೆ ಯಾರೂ ಬರಲ್ಲ. ಅಂಥ ಸುದ್ದಿ ಹಾಕುವಾಗ ಗಾಯ ಆದವನಿಗೆ ಕಾನೂನಲ್ಲಿ ಏನಿದೆ ಅಂತ ಕೆಳಗೆ ಎರಡು ಸಾಲು ಸೇರಿಸಿ ಅಂತ ಕೇಳ್ಕೊಳ್ಳೋಕೇ ಈ ಪತ್ರ ಬರೀತಿದೀನಿ.

ನಾನು ತುಮಕೂರು ಕಡೆಯವನು, ಬೆಂಗಳೂರಲ್ಲಿ ಕೆಲವು ವರ್ಷ ಸೈಟ್‌ಗಳಲ್ಲಿ ಹಾಜರಿ ಬರೆಯೋ ಕೆಲಸ ಮಾಡಿದೀನಿ. ಅಲ್ಲಿ ಕಂಡಿದ್ದು ಏನಂದ್ರೆ ಒಬ್ಬ ಬಿದ್ದ ತಕ್ಷಣ ಮೇಸ್ತ್ರಿಯೋ ಸೂಪರ್‌ವೈಸರ್ರೋ ಅವನನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ, ಪರಿಚಯದ ನರ್ಸಿಂಗ್ ಹೋಮ್‌ಗೆ ಹೋಗ್ತಾರೆ, ಅಲ್ಲಿ ಬಾತ್‌ರೂಮಲ್ಲಿ ಜಾರಿ ಬಿದ್ದ ಅಂತ ಬರೆಸ್ತಾರೆ, ನೋವಲ್ಲಿರೋನು ಯಾಕೆ ಏನು ಅಂತ ಕೇಳೋ ಸ್ಥಿತಿಲೇ ಇರಲ್ಲ. ಎರಡು ದಿನ ಆದ್ಮೇಲೆ ಐವತ್ತೋ ಅರವತ್ತೋ ಸಾವಿರ ದುಡ್ಡು, ಜೊತೆಗೊಂದು ಛಾಪಾ ಕಾಗದ. ಇನ್ನು ಮುಂದೆ ನನಗೂ ಮಾಲೀಕರಿಗೂ ಯಾವ ಸಂಬಂಧವೂ ಇಲ್ಲ, ಯಾವ ಕೇಸೂ ಹಾಕಲ್ಲ ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡು ಯಾದಗಿರಿ ಬಸ್ಸೋ ರಾಯಚೂರು ಬಸ್ಸೋ ಹತ್ತಿಸಿಬಿಡ್ತಾರೆ.

ಆ ಕಾಗದಕ್ಕೆ ಬೆಲೆ ಇಲ್ಲ. ಇದನ್ನ ದೊಡ್ಡ ಅಕ್ಷರದಲ್ಲಿ ಹಾಕಿ ಸಾರ್. ಪರಿಹಾರ ಕೇಳೋ ಹಕ್ಕನ್ನ ಬಿಟ್ಟುಕೊಡ್ತೀನಿ ಅಂತ ಕೆಲಸಗಾರ ಬರ್ಕೊಟ್ಟ ಯಾವ ಒಪ್ಪಂದವೂ ಊರ್ಜಿತ ಆಗಲ್ಲ ಅಂತ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಹಳೇ ಕಾಯ್ದೆ ರದ್ದಾಯ್ತು ಇನ್ನೇನೂ ಸಿಗಲ್ಲ ಅಂತ ಕೆಲವರು ಹೆದರಿಸ್ತಿದಾರೆ. ಅದು ಸುಳ್ಳು, ಪರಿಹಾರದ ಹಕ್ಕಿಗೆ ಸಂಹಿತೆಯಲ್ಲಿ ಒಂದು ಅಧ್ಯಾಯವೇ ಇದೆ.

ಜನರಿಗೆ ಗೊತ್ತಿಲ್ಲದೆ ಇರೋ ಇನ್ನೊಂದು ವಿಷ್ಯ ತಪ್ಪು ಯಾರದು ಅನ್ನೋದು. ಹೆಲ್ಮೆಟ್ ಹಾಕಿರ್ಲಿಲ್ಲ, ಬೆಲ್ಟ್ ಕಟ್ಕೊಂಡಿರ್ಲಿಲ್ಲ, ಅವನದೇ ತಪ್ಪು ಅಂತ ಹೇಳಿ ಬಾಯಿ ಮುಚ್ಚಿಸ್ತಾರೆ. ಕೆಲಸ ಮಾಡುವಾಗ ಕೆಲಸದ ಕಾರಣದಿಂದ ಪೆಟ್ಟಾಯ್ತು ಅಂದ್ರೆ ಸಾಕು, ಮಾಲೀಕನ ನಿರ್ಲಕ್ಷ್ಯ ಸಾಬೀತು ಮಾಡೋ ಅಗತ್ಯ ಈ ಕಾನೂನಲ್ಲಿ ಇಲ್ಲ. ಕುಡಿದಿದ್ದ, ಸುರಕ್ಷತೆಗೆ ಕೊಟ್ಟ ಸಾಮಾನನ್ನ ಬೇಕಂತಲೇ ತೆಗೆದಿಟ್ಟ ಅನ್ನೋ ವಾದ ಕೆಲವು ಕೇಸಲ್ಲಿ ನಡೆಯುತ್ತೆ, ಆದ್ರೆ ಸಾವು ಆಗಿದ್ರೆ ಅಥವಾ ಶಾಶ್ವತವಾಗಿ ಪೂರ್ತಿ ದುಡಿಮೆ ಹೋಗಿದ್ರೆ ಆ ವಾದವೂ ನಡೆಯಲ್ಲ. ಎಷ್ಟು ಸೈಟ್‌ಗಳಲ್ಲಿ ಬೆಲ್ಟ್ ಕೊಟ್ಟೇ ಇರಲ್ಲ ಅನ್ನೋದು ನಿಮಗೂ ಗೊತ್ತು.

ಇನ್ನು ಮೇಸ್ತ್ರಿ ವಿಷ್ಯ. ನಿನ್ನನ್ನ ಕೆಲಸಕ್ಕೆ ಕರ್ಕೊಂಡು ಬಂದಿದ್ದು ಮೇಸ್ತ್ರಿ, ಅವನನ್ನೇ ಕೇಳು ಅಂತ ಬಿಲ್ಡರ್ ಕೈ ತೊಳ್ಕೊಳ್ತಾನೆ, ಮೇಸ್ತ್ರಿ ಹತ್ರ ಕೊಡೋಕೆ ಏನೂ ಇರಲ್ಲ. ಬಿಲ್ಡಿಂಗ್ ಕಟ್ಟೋದೇ ವ್ಯಾಪಾರ ಆಗಿರೋನು ಆ ಕೆಲಸವನ್ನ ಕಂಟ್ರಾಕ್ಟ್ ಮೇಲೆ ಕೊಟ್ಟಿದ್ರೂ ಪರಿಹಾರ ಕೊಡೋ ಹೊಣೆ ಅವನ ಮೇಲೇ ಇದೆ, ಕೊಟ್ಟು ಆಮೇಲೆ ಬೇಕಾದ್ರೆ ಕಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೊಳ್ಳಲಿ. ಸ್ವಂತ ವಾಸಕ್ಕೆ ಮನೆ ಕಟ್ಟಿಸೋರ ಕಥೆ ಸ್ವಲ್ಪ ಬೇರೆ, ಅಲ್ಲಿ ಹೊಣೆ ಮೊದ್ಲು ಕಂಟ್ರಾಕ್ಟರ್ ಮೇಲೆ ಹೋಗುತ್ತೆ.

ದುಡ್ಡಿನ ಲೆಕ್ಕ ಹೇಳಿದ್ರೆ ಯಾರೂ ನಂಬಲ್ಲ, ಅದಕ್ಕೇ ಬಿಡಿಸಿ ಬರೀತೀನಿ. ಎಷ್ಟೇ ದುಡೀತಿದ್ರೂ ಲೆಕ್ಕಕ್ಕೆ ತಗೊಳ್ಳೋ ತಿಂಗಳ ಸಂಬಳ 15,000 ರೂಪಾಯಿವರೆಗೆ ಅಂತ ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ನಿಗದಿ ಮಾಡಿತ್ತು. ದಿನಕ್ಕೆ 800 ರೂಪಾಯಿ ಕೂಲಿಯ ಬಾರ್ ಬೆಂಡಿಂಗ್ ಕೆಲಸದವನಿಗೆ 30 ವರ್ಷ ವಯಸ್ಸು ಅಂದ್ಕೊಳ್ಳಿ, ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರೋ ಗುಣಕ 207.98. ಅವನು ತೀರ್ಕೊಂಡ್ರೆ ಸಂಬಳದ ಅರ್ಧ 7,500ನ್ನ ಅದರಿಂದ ಗುಣಿಸಿದ್ರೆ 15,59,850 ರೂಪಾಯಿ. ಬದುಕಿದಾನೆ ಆದ್ರೆ ಪೂರ್ತಿ ದುಡಿಮೆ ಹೋಯ್ತು ಅಂದ್ರೆ ಸಂಬಳದ 60 ಪರ್ಸೆಂಟ್ ಲೆಕ್ಕ, 18,71,820 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ತಿಂಗಳೊಳಗೆ ಕೊಡದೆ ಎಳೆದಾಡಿದ್ರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ದೆ ಎಳೆದಿದ್ರೆ ಮೊತ್ತದ ಅರ್ಧದವರೆಗೂ ದಂಡ. ಈ ಲೆಕ್ಕ ಗೊತ್ತಿಲ್ಲದೆ ಎಷ್ಟು ಮನೆಯವರು ಎರಡು ಲಕ್ಷಕ್ಕೆ ಸಹಿ ಹಾಕಿ ಹೆಣ ತಗೊಂಡು ಹೋಗಿದಾರೋ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಸಾವಿನ ಕೇಸಲ್ಲಂತೂ ದುಡ್ಡನ್ನ ಮನೆಯವರ ಕೈಗೆ ನೇರವಾಗಿ ಕೊಟ್ಟು ಮುಗಿಸೋ ಹಾಗೇ ಇಲ್ಲ, ಪರಿಹಾರ ತೀರ್ಮಾನ ಮಾಡೋ ಅಧಿಕಾರಿ ಹತ್ರ ಡಿಪಾಸಿಟ್ ಮಾಡ್ಬೇಕು.

ಕೈಕಾಲು ಪೆಟ್ಟಾದವರ ಕೇಸಲ್ಲಿ ಮೋಸ ಆಗೋದು ಪರ್ಸೆಂಟ್ ಲೆಕ್ಕದಲ್ಲಿ. ಡಾಕ್ಟರ್ ಸರ್ಟಿಫಿಕೇಟಲ್ಲಿ ಅಂಗವೈಕಲ್ಯ 20 ಪರ್ಸೆಂಟ್ ಅಂತ ಇದ್ರೆ ಪರಿಹಾರವೂ ಅಷ್ಟೇ ಅಂದ್ಕೊಂಡು ಸುಮ್ನಾಗ್ತಾರೆ, ಆದ್ರೆ ಕಾನೂನು ನೋಡ್ಬೇಕಾಗಿರೋದು ದುಡಿಯೋ ಶಕ್ತಿ ಎಷ್ಟು ಹೋಯ್ತು ಅಂತ. 1976ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಕೇಸ್ ಬಂತು, ಸಿನಿಮಾ ಟಾಕೀಸಲ್ಲಿ ಅಲಂಕಾರದ ಕೆಲಸ ಮಾಡುವಾಗ ಬಿದ್ದು ಎಡಗೈಯನ್ನೇ ತೆಗೀಬೇಕಾಗಿತ್ತು. ಕಾಯ್ದೆಯ ಪಟ್ಟಿ ಪ್ರಕಾರ ಒಂದು ಕೈ ಹೋದ್ರೆ ನೂರಕ್ಕೆ ನೂರು ಆಗಲ್ಲ ಅನ್ನೋದು ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡೋಕಾಗಲ್ಲ, ಹಾಗಾಗಿ ಇದು ಪೂರ್ತಿ ದುಡಿಮೆ ಹೋದ ಹಾಗೇ ಅಂತ ಕೋರ್ಟ್ ಹೇಳ್ತು, ಪರಿಹಾರ ಆದೇಶ ಬಂದ ದಿನದಿಂದ ಅಲ್ಲ ಅಪಘಾತ ಆದ ದಿನದಿಂದಲೇ ಸಲ್ಲಬೇಕು ಅಂತಲೂ ಹೇಳ್ತು. ಸಾರವೆ ಹತ್ತೋಕೆ ಆಗದೆ ಇರೋ ಗಾರೆ ಕೆಲಸದವನು, ಕುಕ್ಕರಗಾಲಲ್ಲಿ ಕೂರೋಕೆ ಆಗದೆ ಇರೋ ಟೈಲ್ಸ್ ಕೆಲಸದವನು, ಇವರ ಪರವಾಗಿ ವಾದ ಮಾಡೋ ವಕೀಲರು ಈ ತೀರ್ಪನ್ನ ಮುಂದಿಡ್ಬೇಕು.

ನನಗೆ ಗೊತ್ತಿರೋ ಸೆಂಟ್ರಿಂಗ್ ಕೆಲಸದ ಒಬ್ಬ ಹುಡುಗ ಸ್ಲ್ಯಾಬ್ ಮೇಲಿಂದ ಬಿದ್ದು ಸೊಂಟದ ಮೂಳೆ ಮುರ್ಕೊಂಡ, ಅದೇ ಛಾಪಾ ಕಾಗದ, ಅದೇ ಬಸ್ಸು. ಅವನ ಅಣ್ಣ ಬಿಡ್ಲಿಲ್ಲ. ಮೇಸ್ತ್ರಿ ಫೋನ್‌ಪೇ ಮಾಡಿದ್ದ ಬಟವಾಡೆ ದುಡ್ಡಿನ ವಿವರ, ನಾಳೆ ಬೇಗ ಬಾ ಅಂತ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜ್, ಸೈಟಲ್ಲಿ ತೆಗೆದ ಫೋಟೋ, ಜೊತೆಲಿದ್ದ ಇಬ್ಬರ ಹೇಳಿಕೆ ಎಲ್ಲಾ ಒಟ್ಟು ಮಾಡಿ ಅರ್ಜಿ ಹಾಕಿಸ್ದ, ಕೇಸ್ ನಡೀತಿದೆ. ಹಾಜರಿ ಪುಸ್ತಕ ಮಾಲೀಕನ ಕೈಲಿರುತ್ತೆ, ಅದು ಮಾಯ ಆಗುತ್ತೆ, ಅದಕ್ಕೇ ಮೊಬೈಲಲ್ಲಿ ಇರೋದನ್ನ ಯಾರೂ ಡಿಲೀಟ್ ಮಾಡ್ಬೇಡಿ. ಸಾಧ್ಯ ಆದ್ರೆ ಮೊದಲ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಸೈಟಲ್ಲಿ ಕೆಲಸ ಮಾಡುವಾಗ ಬಿದ್ದಿದ್ದು ಅಂತಲೇ ಹೇಳಿ ಎಂಎಲ್‌ಸಿ, ಅಂದ್ರೆ ಪೊಲೀಸರಿಗೂ ತಿಳಿಸೋ ಆಸ್ಪತ್ರೆ ದಾಖಲೆ, ಮಾಡಿಸ್ಬೇಕು, ಸ್ಟೇಷನ್ನಲ್ಲಿ ಎಫ್‌ಐಆರ್ ಕಾಪಿ ತಗೋಬೇಕು. ನಿರ್ಲಕ್ಷ್ಯದಿಂದ ಸಾವಾದ್ರೆ ಭಾರತೀಯ ನ್ಯಾಯ ಸಂಹಿತೆ 106ನೇ ಸೆಕ್ಷನ್ ಇದೆ, ಕಟ್ಟಡ ಕಟ್ಟೋದ್ರಲ್ಲಿ ನಿರ್ಲಕ್ಷ್ಯ ಮಾಡಿದ್ರೆ 290 ಇದೆ. ಆ ಕ್ರಿಮಿನಲ್ ಕೇಸ್ ಬೇರೆ, ಪರಿಹಾರದ ಅರ್ಜಿ ಬೇರೆ, ಒಂದು ಮುಗಿಯೋವರೆಗೂ ಇನ್ನೊಂದಕ್ಕೆ ಕಾಯ್ಬೇಕಾಗಿಲ್ಲ.

ಅರ್ಜಿ ಹಾಕೋಕೆ ಎರಡು ವರ್ಷ ಟೈಮ್ ಇದೆ. ಬೆಂಗಳೂರಿಗೇ ಓಡಾಡ್ಬೇಕು ಅಂತಿಲ್ಲ, ಗಾಯ ಆದವನು ಅಥವಾ ಅವನ ಮನೆಯವರು ವಾಸ ಇರೋ ಊರಿನ ವ್ಯಾಪ್ತಿಯಲ್ಲೇ ಹಾಕ್ಬೋದು. ಕಾರ್ಮಿಕರು, ಹೆಣ್ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಇವರಿಗೆಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗ್ತಾರೆ, ತಾಲ್ಲೂಕು ಕೋರ್ಟಲ್ಲೇ ಅದರ ಸಮಿತಿ ಇದೆ, ಸಹಾಯವಾಣಿ ನಂಬರ್ 15100. ಇಎಸ್‌ಐ, ಅಂದ್ರೆ ನೌಕರರ ರಾಜ್ಯ ವಿಮೆ, ಕಟ್ಟಿರೋ ಸೈಟ್ ಆದ್ರೆ ಪರಿಹಾರ ಇಎಸ್‌ಐನಿಂದಲೇ ಬರುತ್ತೆ, ಮಾಲೀಕನ ಮೇಲೆ ಬೇರೆ ಕ್ಲೇಮ್ ಹಾಕೋಕಾಗಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಇದ್ರೆ ಅಲ್ಲಿಂದ ಬರೋ ಸಹಾಯಧನ ಬೇರೆ, ಅದು ಬಂತು ಅಂತ ಮಾಲೀಕ ಕೊಡ್ಬೇಕಾದ ಪರಿಹಾರ ಕಮ್ಮಿ ಆಗಲ್ಲ.

ಕಾರ್ಮಿಕ ಇಲಾಖೆಗೂ ಒಂದು ಮಾತು. ಮಂಡಳಿಯ ದುಡ್ಡು ಕಟ್ಟಡ ವೆಚ್ಚದ ಮೇಲೆ ವಸೂಲಿ ಮಾಡೋ 1 ಪರ್ಸೆಂಟ್ ಸೆಸ್ಸಿಂದ ಬರೋದು, ಆ ದುಡ್ಡು ಕಾರ್ಮಿಕರದೇ. ಅದರಲ್ಲಿ ಒಂದಿಷ್ಟು ಖರ್ಚು ಮಾಡಿ ಪ್ರತಿ ದೊಡ್ಡ ಸೈಟ್ ಗೇಟಲ್ಲಿ ಒಂದು ಬೋರ್ಡ್ ಹಾಕಿಸಿ. ಎರಡು ವರ್ಷದ ಗಡುವು, 15100 ನಂಬರ್, ರಾಜಿ ಕಾಗದಕ್ಕೆ ಬೆಲೆ ಇಲ್ಲ ಅನ್ನೋ ಮಾತು, ಇಷ್ಟು ಇದ್ರೆ ಸಾಕು. ಕನ್ನಡದ ಜೊತೆ ಹಿಂದಿ, ಬಂಗಾಳಿ, ಒಡಿಯಾದಲ್ಲೂ ಇರ್ಲಿ, ಯಾಕಂದ್ರೆ ಇವತ್ತು ಬೆಂಗಳೂರಿನ ಸ್ಲ್ಯಾಬ್ ಹಾಕ್ತಿರೋರಲ್ಲಿ ಬಿಹಾರ, ಬಂಗಾಳ, ಒಡಿಶಾದಿಂದ ಬಂದೋರು ತುಂಬಾ ಜನ ಇದಾರೆ, ಅವರಿಗೆ ಇಲ್ಲಿ ಕೇಳೋಕೆ ಅಣ್ಣತಮ್ಮಂದಿರೂ ಇರಲ್ಲ.

ಇಂತಿ ನಿಮ್ಮ ಓದುಗ,
ತುಮಕೂರು