ಸಹಿ ಹಾಕುವ ಮುಂಚೆ ಓದು

ಪುಟ್ಟಿ,

ಭಾನುವಾರ ಫೋನಿನಲ್ಲಿ ಆದ ಜಗಳವನ್ನು ಮತ್ತೆ ಕೆದಕುವುದಿಲ್ಲ. ಗುರುವಾರ ಮನೆ ಸಾಲದ ಕಾಗದಕ್ಕೆ ಸಹಿ ಹಾಕುತ್ತೀಯ ಅಂತ ಅಪ್ಪ ಹೇಳಿದರು. ಫೋನ್ ಮಾಡಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಂಕಿಗಳು ತಪ್ಪು ಅಂತ ನಾನು ಹೇಳಿಲ್ಲ. ಈ ವರ್ಷ (2025) ಜುಲೈನಿಂದ ಸೆಪ್ಟೆಂಬರ್‌ವರೆಗೆ ದೇಶದ ಬೆಳವಣಿಗೆ 8.2 ಪರ್ಸೆಂಟ್. ಅಕ್ಟೋಬರ್‌ನಲ್ಲಿ ಬೆಲೆ ಏರಿಕೆ ಬರೀ 0.25. ವರ್ಷದ ಶುರುವಿನಲ್ಲಿ 6.5 ಇದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ರಿಸರ್ವ್ ಬ್ಯಾಂಕ್ ಮೊನ್ನೆ ಡಿಸೆಂಬರ್ 5ಕ್ಕೆ 5.25ಕ್ಕೆ ತಂದಿದೆ. "ಇದಕ್ಕಿಂತ ಒಳ್ಳೆ ಟೈಮ್ ಸಿಗುತ್ತಾ ಅಮ್ಮ?" ಅಂದೆ. ಸಿಗಲಿಕ್ಕಿಲ್ಲ. ನನ್ನ ಭಯವೂ ಅದೇ. ಸಾಲ ತೆಗೆದುಕೊಳ್ಳುವುದು 2025ರಲ್ಲಿ, ತೀರಿಸುವುದು 2050ರವರೆಗೆ.

ಮತ್ತೆ ಚಿಕ್ಕಪ್ಪನ ಕತೆನಾ ಅಂತೀಯ. ಹೌದು, ಅದೇ. ಅವನು 2021ರಲ್ಲಿ 50 ಲಕ್ಷ ತೆಗೆದುಕೊಂಡಾಗ ರೆಪೊ 4 ಇತ್ತು, ಅವನ ಬಡ್ಡಿ 6.9. ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 38,500. ಆಗಲೂ ಎಲ್ಲರೂ ಇದೇ ಮಾತು ಹೇಳಿದ್ದರು, ಇಷ್ಟು ಕಡಿಮೆ ಬಡ್ಡಿ ಮತ್ತೆ ಬರಲ್ಲ ಅಂತ. ಆಮೇಲೆ ಉಕ್ರೇನ್ ಯುದ್ಧ ಬಂತು, ಕಚ್ಚಾ ಎಣ್ಣೆ ಬೆಲೆ ಏರಿತು. 2022ರ ಮೇ 4ರಂದು, ಮೊದಲೇ ಗೊತ್ತುಮಾಡಿದ ಸಭೆಯ ದಿನವೇ ಅಲ್ಲದ ದಿನ, ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮಧ್ಯಾಹ್ನ ಟಿವಿಯಲ್ಲಿ ಬಂದು ರೆಪೊವನ್ನು 4.40ಕ್ಕೆ ಏರಿಸಿದರು. ಅಲ್ಲಿಂದ ಒಂದು ವರ್ಷವೂ ಆಗಲಿಲ್ಲ, 2023ರ ಫೆಬ್ರವರಿಗೆ 6.5.

ಚಿಕ್ಕಪ್ಪನಿಗೆ ಗೊತ್ತೇ ಆಗಲಿಲ್ಲ. ಖಾತೆಯಿಂದ ಕಂತು ಅಷ್ಟೇ ಹೋಗುತ್ತಿತ್ತಲ್ಲ! ಬ್ಯಾಂಕಿನವರು ಕಂತು ಮುಟ್ಟದೆ ಸುಮ್ನೆ ವರ್ಷಗಳನ್ನು ಏರಿಸುತ್ತಾ ಹೋಗಿದ್ದರು. ಅವನು ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬಂದಾಗ ಬಡ್ಡಿ 9.4 ಆಗಿತ್ತು. ನಾನೇ ಲೆಕ್ಕ ಹಾಕಿದೆ. 38,500ರಲ್ಲಿ ಹೆಚ್ಚುಕಡಿಮೆ ಅಷ್ಟೂ ಬಡ್ಡಿಗೇ ಹೋಗುತ್ತಿತ್ತು, ಅಸಲಿಗೆ ಏನೂ ಇಲ್ಲದಂತೆಯೇ. ನನಗೆ ನಂಬಿಕೆ ಬರದೆ ಇನ್ನೊಂದು ಸಲ ಹಾಕಿದೆ. ಅದೇ ಉತ್ತರ. ಅವನು ಕಾಫಿ ಕುಡಿಯದೆ ಎದ್ದು ಹೋದ. ಕಂತು ಏರಿಸಲೋ, ಅವಧಿ ಏರಿಸಲೋ ಅಂತ ಸಾಲಗಾರನನ್ನು ಕೇಳಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿದ್ದು 2023ರ ಆಗಸ್ಟ್‌ನಲ್ಲಿ. ಅವನ ಪಾಲಿಗೆ ತಡವಾಗಿತ್ತು.

ನಿನ್ನ ಸಾಲವೂ ರೆಪೊಗೆ ಕಟ್ಟಿದ್ದೇ. ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ಸಮಿತಿಯ ಆರು ಜನ ಎರಡು ತಿಂಗಳಿಗೊಮ್ಮೆ ಕೂತು ಆ ದರ ತೀರ್ಮಾನಿಸುತ್ತಾರೆ. ಅವರ ಕಣ್ಣು ಬೆಲೆ ಏರಿಕೆ ಮೇಲೆ, 4 ಪರ್ಸೆಂಟ್ ಹತ್ತಿರ ಇರಬೇಕು ಅಂತ. ಬೆಲೆ ಏರಿಕೆ ಅಳೆಯುವ ಸೂಚ್ಯಂಕದಲ್ಲಿ 2023ರಲ್ಲಿ ಊಟ ತಿಂಡಿಯದ್ದೇ ಹತ್ತಿರ ಹತ್ತಿರ ಅರ್ಧ ಪಾಲು ಇತ್ತು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿತ್ತಲ್ಲ, ಕೋಲಾರದ ರೈತರು ತೋಟಕ್ಕೆ ಕಾವಲು ಕೂತಿದ್ದರು, ಆ ತಿಂಗಳು ಬೆಲೆ ಏರಿಕೆ 7.44. ಬಡ್ಡಿ ಏರಿಸಿದರೆ ಟೊಮೇಟೊ ಬೆಳೆಯುತ್ತಾ? ಇಲ್ಲ. ಅದಕ್ಕೇ ಅವರು ಆಗ ಏರಿಸಲೂ ಇಲ್ಲ. ಆದರೆ ಇಳಿಸಲೂ ಇಲ್ಲ. ಎರಡು ವರ್ಷ 6.5ರಲ್ಲೇ ಕೂತರು, ಚಿಕ್ಕಪ್ಪನೂ ಕೂತ. ಈ ಅಕ್ಟೋಬರ್‌ನ 0.25ಕ್ಕೂ ತರಕಾರಿ ಅಗ್ಗವಾಗಿದ್ದೇ ದೊಡ್ಡ ಕಾರಣ. ಬೆಳೆದವನಿಗೆ ಏನು ಸಿಕ್ಕಿತು ಅಂತ ಯಾರೂ ಕೇಳುತ್ತಿಲ್ಲ, ಅದು ಬೇರೆ ಮಾತು. ಜೊತೆಗೆ ಡಾಲರ್ 90 ರೂಪಾಯಿ ದಾಟಿದೆ, ಕಚ್ಚಾ ಎಣ್ಣೆ ಬಹುಪಾಲು ಹೊರಗಿಂದಲೇ ಬರಬೇಕು. ಈ ಅಗ್ಗ ಎಷ್ಟು ದಿನ?

ಪಾಠ ಶುರು ಮಾಡಿದಳು ಅಂತೀಯ. ಮಾಡಲಿ ಬಿಡು, ಬ್ಯಾಂಕಿನಲ್ಲೇ ತಲೆ ಹಣ್ಣಾದವಳು ನಾನು. ರೆಪೊ ಮೇಲೆ ಬ್ಯಾಂಕ್ ತನ್ನದಾಗಿ ಸೇರಿಸುವ ಬಡ್ಡಿ, ಅಂದರೆ ಸ್ಪ್ರೆಡ್, ಎಷ್ಟು, ಅದನ್ನು ಕೇಳಿ ಬರೆದುಕೋ. ಬಡ್ಡಿ ಇಳಿದಾಗ ಕಂತು ಇಳಿಸಬೇಡ, ಅಷ್ಟೇ ಕಟ್ಟು, ವರ್ಷಗಳು ಕಡಿಮೆಯಾಗಲಿ. ಆರು ತಿಂಗಳ ಕಂತು ಬೇರೆ ಕಡೆ ಇಡು. ಬಡ್ಡಿ ಎರಡೂವರೆ ಏರಿದರೆ ಕಂತು ಎಷ್ಟಾಗುತ್ತೆ ಅಂತ ಈಗಲೇ ಲೆಕ್ಕ ಹಾಕಿ ಗೋಡೆಗೆ ಅಂಟಿಸು. ಅದನ್ನು ಕಟ್ಟಲು ಆಗುತ್ತೆ ಅನ್ನಿಸಿದರೆ ಮಾತ್ರ ಸಹಿ ಹಾಕು.

ನಾನು ಕೌಂಟರಿನಲ್ಲಿದ್ದಷ್ಟು ಕಾಲ, ಹೆಂಗಸೊಬ್ಬಳು ಒಬ್ಬಳೇ ಬಂದು ತನ್ನ ಹೆಸರಿಗೆ ಮನೆ ಸಾಲ ಕೇಳಿದ್ದು ನನಗೆ ನೆನಪಿಲ್ಲ. ನೀನು ನಿನ್ನ ಸಂಬಳದ ಮೇಲೆ ಮಂಜೂರು ಮಾಡಿಸಿಕೊಂಡಿದ್ದೀಯ. ಅದನ್ನು ಭಾನುವಾರವೇ ಹೇಳಬೇಕಿತ್ತು. "ನಿಮ್ಮ ಎಫ್‌ಡಿ ಬಡ್ಡಿ ಇಳಿಯಿತು ಅಂತ ನನ್ನ ಮೇಲೆ ಕೋಪಾನಾ" ಅಂದೆಯಲ್ಲ, ಅದು ಮಾತ್ರ ಚುಚ್ಚಿತು. ಇಳಿದಿದ್ದು ನಿಜ. ಅದೇ ರೆಪೊ ನಿನಗೆ ಕಂತು ಇಳಿಸುತ್ತದೆ, ನಮ್ಮ ಔಷಧಿ ದುಡ್ಡನ್ನೂ ಇಳಿಸುತ್ತದೆ. ಕೋಪ ಇಲ್ಲ. ಸ್ವಲ್ಪ ಇದೆ, ನಿನ್ನ ಮೇಲಲ್ಲ.

ಚಿಕ್ಕಪ್ಪನ ಪಾಸ್‌ಬುಕ್ಕಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಅವನನ್ನು ಕೇಳಿಯೇ ಕಳಿಸಿದ್ದು. ಎರಡನೇ ಪುಟ ನೋಡು. ನಮ್ಮ ಎಫ್‌ಡಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಬೇಕಾದರೆ ಕೇಳು, ನಾನಾಗಿ ಕೊಡಲು ಬರುವುದಿಲ್ಲ.

ಅಮ್ಮ