ಕಾವೇರಿ ಡೆಲ್ಟಾ ಸೈಕಲ್ ಪ್ರವಾಸ: ನೀವು ಕೊಟ್ಟ ದಾರಿಯಲ್ಲಿ ಸೇತುವೆಯೇ ಇರಲಿಲ್ಲ

ನಮಸ್ಕಾರ,

ನವೆಂಬರ್‌ನಲ್ಲಿ ನಾನು, ನನ್ನ ತಂಗಿ ಇಬ್ಬರೂ ನಿಮ್ಮ ಐದು ದಿನದ ಕಾವೇರಿ ಡೆಲ್ಟಾ ಸೈಕಲ್ ಪ್ರವಾಸಕ್ಕೆ ಹೋಗಿದ್ದೆವು. ಇಬ್ಬರಿಂದ 38,000 ರೂಪಾಯಿ ಕಟ್ಟಿದ್ದೆವು. ದಾರಿಯಿಂದಲೇ ಎರಡು ಮೇಲ್ ಹಾಕಿದೆ. ಊರಿಗೆ ಬಂದ ಮೇಲೆ ಫೋನ್ ಮಾಡಿದೆ. ಕೊನೆಗೆ ಬಂದಿದ್ದು "ನಿಮ್ಮ ಫೀಡ್‌ಬ್ಯಾಕ್‌ಗೆ ಥ್ಯಾಂಕ್ಸ್" ಅನ್ನೋ ಒಂದೇ ಸಾಲು. ನಾನು ಕಳಿಸಿದ್ದು ಫೀಡ್‌ಬ್ಯಾಕ್ ಅಲ್ಲ, ದೂರು. ಅದಕ್ಕೇ ಈಗ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಾವು ಯಾಕೆ ಹೊರಟೆವು ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಅದನ್ನು ಬುಕ್ ಮಾಡುವಾಗಲೇ ನಿಮಗೆ ಹೇಳಿದ್ದೆ. ನಾವು ಶ್ರೀರಂಗಪಟ್ಟಣದವರು. ಹೊಳೆ ಅಂದ್ರೆ ನಮಗೆ ಕಾವೇರಿನೇ. ಆದಿರಂಗ ನಮ್ಮೂರು, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗಂ. ಮೊದಲ ಎರಡನ್ನು ಚಿಕ್ಕಂದಿನಿಂದ ನೋಡಿದ್ದೆವು, ಮೂರನೆಯದು ಮತ್ತು ಅದರಾಚೆಯ ಹೊಳೆ ಬಾಕಿ ಇತ್ತು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣಕ್ಕೆ ಅಮ್ಮ ತಲಕಾವೇರಿಗೆ ಹೋಗಿ ತೀರ್ಥ ತಂದಿದ್ದರು. ನಮ್ಮ ತುಲಾ ಮಾಸವೇ ತಮಿಳರಿಗೆ ಐಪ್ಪಸಿ. ಆ ತಿಂಗಳಿಡೀ ಮಯಿಲಾಡುತುರೈಯಲ್ಲಿ ಜನ ಕಾವೇರಿ ಸ್ನಾನ ಮಾಡುತ್ತಾರೆ, ಕೊನೆ ದಿನಕ್ಕೆ ಕಡೈಮುಗಂ ಅನ್ನುತ್ತಾರೆ. ಆ ದಿನ ಅಲ್ಲಿ ಮುಳುಗಿ, ಮರುದಿನ ಪೂಂಪುಹಾರ್‌ನಲ್ಲಿ ಕಾವೇರಿ ಸಮುದ್ರ ಸೇರುವ ಕಡೆ ಅಮ್ಮನ ತೀರ್ಥ ಬಿಟ್ಟು ಬರಬೇಕು. ಇಷ್ಟೇ ನಮ್ಮ ಆಸೆ. "ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಮಯಿಲಾಡುತುರೈಯಲ್ಲಿ ಇರ್ತೀರಿ, ಚಿಂತೆ ಬೇಡ" ಅಂದಿದ್ದು ನಿಮ್ಮವರೇ.

ಮೊದಲ ದಿನದ ಬಗ್ಗೆ ನನಗೆ ದೂರಿಲ್ಲ. ಶ್ರೀರಂಗಂ ಬಿಟ್ಟು ಕಲ್ಲಣೈಗೆ ಬಂದಾಗ ಬಿಸಿಲೇರಿರಲಿಲ್ಲ. ಕರಿಕಾಲ ಚೋಳ ಕಟ್ಟಿಸಿದ್ದು ಅನ್ನುವ ಆ ಅಣೆಕಟ್ಟೆಯ ಮೇಲೆ ನಿಂತು ನೋಡಿದರೆ ಡೆಲ್ಟಾ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಡೆ ಕಾವೇರಿ, ಪಕ್ಕದಲ್ಲೇ ವೆಣ್ಣಾರು, ಇನ್ನೊಂದು ಕಡೆ ದೊಡ್ಡ ಕಾಲುವೆ, ಪ್ರವಾಹದ ನೀರಿಗೆ ಎಡಕ್ಕೆ ಕಾವೇರಿಯದೇ ಕವಲಾದ ಕೊಳ್ಳಿಡಂ ಹೊಳೆ. ಅಲ್ಲಿಂದ ತಿರುವೈಯಾರಿನ ತನಕ ಏರಿ ಮೇಲಿನ ಡಾಂಬರು ರಸ್ತೆ. ಎಡಕ್ಕೆ ಹೊಳೆ, ಬಲಕ್ಕೆ ಸಾಂಬಾ ಭತ್ತದ ಗದ್ದೆ. ತಂಗಿ ಅವತ್ತು ದಾರಿಯುದ್ದಕ್ಕೂ ಹಾಡಿಕೊಂಡೇ ಬಂದಳು.

ಆದರೆ ಆ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ನಿಮ್ಮ ಪುಟದಲ್ಲಿ 40 ಮಿಲಿಮೀಟರ್ ಟಯರ್ ಅಂತ ಇತ್ತು. ತಿರುಚ್ಚಿಯಲ್ಲಿ ನಿಮ್ಮ ಹುಡುಗ ತಂದುಕೊಟ್ಟ ಸೈಕಲ್‌ಗಳಲ್ಲಿ ಇದ್ದದ್ದು 28ರ ನುಣುಪು ಟಯರ್. ಕೇಳಿದ್ದಕ್ಕೆ "ಎಲ್ಲ ಡಾಂಬರೇ ಸಾರ್, ಸಾಕು" ಅಂದ. ಎಲ್ಲ ಡಾಂಬರಾಗಿದ್ದರೆ ಸಾಕಾಗುತ್ತಿತ್ತು.

ಇನ್ನು ಮೂರನೇ ದಿನ. ಕುಂಭಕೋಣಂನಿಂದ ಕೊಳ್ಳಿಡಂ ದಾಟಿ ಗಂಗೈಕೊಂಡ ಚೋಳಪುರಂ ನೋಡಿ ವಾಪಸ್ ಬರುವುದು ಅಂತ ನಿಮ್ಮ ಕಾರ್ಯಕ್ರಮ. ಹಿಂದಿನ ರಾತ್ರಿ ಜೋರು ಮಳೆ. ದಾರಿ ತೋರಿಸಲು ನೀವು ಕೊಟ್ಟ ಜಿಪಿಎಸ್ ಫೈಲ್‌ನ ಗೆರೆ ನಮ್ಮನ್ನು ಡಾಂಬರು ಬಿಡಿಸಿ ಒಂದು ವಾಯ್ಕಾಲ್, ಅಂದ್ರೆ ಕಾಲುವೆಯ ಏರಿ ಮೇಲೆ ಹತ್ತಿಸಿತು, ಅಲ್ಲಿಂದ ಕೊಳ್ಳಿಡಂ ದಂಡೆಗೆ. ಆ ಗೆರೆ ಹಾಗೇ ನೇರ ಹೊಳೆಯ ಮೇಲೆ ಹೋಗಿ ಆಚೆ ದಡ ಸೇರುತ್ತದೆ. ನಾವು ಪರದೆ ನೋಡುವುದು, ಹೊಳೆ ನೋಡುವುದು, ಮತ್ತೆ ಪರದೆ ನೋಡುವುದು. ಎದುರಿಗೆ ಇದ್ದದ್ದು ಬರೀ ನೀರು. ಕೆಂಪು ನೀರು, ಅದರಲ್ಲಿ ಬಾಳೆದಿಂಡು ತೇಲಿಕೊಂಡು ಹೋಗುತ್ತಿತ್ತು. ಸೇತುವೆ ಇಲ್ಲ, ದೋಣಿ ಇಲ್ಲ. ಮೇಕೆ ಮೇಯಿಸುತ್ತಿದ್ದ ಒಬ್ಬ ಹೆಂಗಸು ನಮ್ಮ ಸೈಕಲ್ ನೋಡಿ, ಹೊಳೆ ನೋಡಿ, ಕೈ ಆಡಿಸಿ "ಅಣೈಕ್ಕರೈ, ಅಣೈಕ್ಕರೈ" ಅಂತ ಪೂರ್ವಕ್ಕೆ ತೋರಿಸಿದಳು. ಸೇತುವೆ ಇರುವುದು ಆ ಊರಲ್ಲಿ. ನಾವು ನಿಂತಿದ್ದ ಕಡೆ ಬೇಸಿಗೆಯಲ್ಲಿ ಮರಳಲ್ಲಿ ನಡೆದು ದಾಟುತ್ತಾರಂತೆ. ಈಗ ಹೋದರೆ ಸಾಯುತ್ತೀರಿ ಅಂತ ತಮಿಳಲ್ಲೇ ಹೇಳಿದಳು. ಅಷ್ಟು ನಮಗೂ ಅರ್ಥವಾಯಿತು.

ನಿಮ್ಮ 24 ಗಂಟೆಯ ನೆರವಿನ ನಂಬರ್‌ಗೆ ಅಲ್ಲಿಂದ ಆರು ಸಲ ಫೋನ್ ಮಾಡಿದೆ. ಏಳನೆಯ ಸಲ ಎತ್ತಿದವರು, ಗಾಡಿ ತಿರುಚ್ಚಿಯಲ್ಲಿದೆ, ಸಂಜೆಯಾಗುತ್ತೆ ಅಂದರು. ಆಮೇಲೆ ಅವರೇ ಒಂದು ಮಾತು ಹೇಳಿದರು, ನನ್ನ ದೂರಿನ ಮೂಲ ಅದೇ: "ನಾವು ಮಾರ್ಚ್‌ನಲ್ಲಿ ಕಾರಲ್ಲಿ ಹೋಗಿ ನೋಡಿದ್ವಿ ಸಾರ್, ಆಗ ಹೀಗಿರಲಿಲ್ಲ." ಮಾರ್ಚ್‌ನಲ್ಲಿ ಹೇಗಿರಲು ಸಾಧ್ಯ? ಮೆಟ್ಟೂರಿನ ನೀರನ್ನು ವಾಡಿಕೆಯಂತೆ ಜೂನ್ 12ಕ್ಕೆ ಬಿಟ್ಟು ಜನವರಿ 28ಕ್ಕೆ ನಿಲ್ಲಿಸುತ್ತಾರೆ. ಮಾರ್ಚ್ ಹೊತ್ತಿಗೆ ಏರಿ ಒಣಗಿ ಕಲ್ಲಿನಂತಾಗಿರುತ್ತದೆ, ಕೊಳ್ಳಿಡಂ ಮರಳ ಬಯಲಾಗಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿನ ಮಳೆಗಾಲ. ನಮ್ಮಲ್ಲಿ ಮಳೆ ಕಡಿಮೆಯಾದ ಮೇಲೆ ಅವರಿಗೆ ಈಶಾನ್ಯದ ಮಳೆ ಹಿಡಿಯುತ್ತದೆ. ಇದು ಡೆಲ್ಟಾದ ಯಾವ ರೈತನನ್ನು ಕೇಳಿದರೂ ಗೊತ್ತಾಗುತ್ತಿತ್ತು. ನೀವು ಕೇಳಲಿಲ್ಲ. ಕಾರಲ್ಲಿ ಅರ್ಧ ನೋಡಿ, ಉಳಿದಿದ್ದಕ್ಕೆ ಕಂಪ್ಯೂಟರಲ್ಲಿ ಗೆರೆ ಎಳೆದು, ಅದಕ್ಕೆ "ಸವಾರಿ ಮಾಡಿ ಪರೀಕ್ಷಿಸಿದ ದಾರಿ" ಅಂತ ಹೆಸರಿಟ್ಟು ವರ್ಷಪೂರ್ತಿ ಮಾರುತ್ತಿದ್ದೀರಿ. ಇದು ತಪ್ಪು ಅಷ್ಟೇ ಅಲ್ಲ, ಅಪಾಯ. ಕತ್ತಲಾದ ಮೇಲೆ ಆ ಗೆರೆ ನಂಬಿ ಯಾರಾದರೂ ದಂಡೆ ಇಳಿದಿದ್ದರೆ?

ವಾಪಸ್ ಬರುವಾಗ ಆದದ್ದು ಹೀಗೆ. ಡೆಲ್ಟಾದ ಏರಿ ಮಣ್ಣು ಜಿಗುಟು. ನೂರು ಹೆಜ್ಜೆ ತಳ್ಳಿದರೆ ಸಾಕು, ಟಯರಿಗೂ ಫೋರ್ಕಿಗೂ ನಡುವೆ ಮಣ್ಣು ಮುದ್ದೆಯಂತೆ ಕೂತುಬಿಡುತ್ತದೆ, ಚಕ್ರ ತಿರುಗುವುದಿಲ್ಲ. ಕಡ್ಡಿಯಲ್ಲಿ ಕೆರೆದು ತೆಗೆಯಬೇಕು, ಮತ್ತೆ ನೂರು ಹೆಜ್ಜೆ. ಹೀಗೆ ಒಂಬತ್ತು ಕಿಲೋಮೀಟರ್. ಮಧ್ಯದಲ್ಲಿ ತಂಗಿಯ ಸೈಕಲ್‌ನಲ್ಲಿ ಗೇರ್ ಬದಲಿಸುವ ಹಿಂದಿನ ಡಿರೇಲರ್ ಮಣ್ಣು, ಹುಲ್ಲು ಎರಡನ್ನೂ ಸುತ್ತಿಕೊಂಡು ಟಕ್ ಅಂತ ಮುರಿದು ಚಕ್ರದ ಕಡ್ಡಿಗಳ ಒಳಗೆ ಸಿಕ್ಕಿಕೊಂಡಿತು. ರಸ್ತೆಗೆ ಬಂದು, ಒಂದು ಟೆಂಪೋ ಹಿಡಿದು ಕುಂಭಕೋಣಂ ಸೇರಿದಾಗ ರಾತ್ರಿ ಒಂಬತ್ತು. ಚೋಳಪುರಂ ದೇವಸ್ಥಾನ ನೋಡಲೇ ಇಲ್ಲ.

ಮರುದಿನವೇ ಕಡೈಮುಗಂ. ಆ ದಿನ ನಾವು ಕುಂಭಕೋಣಂನ ಒಂದು ಸೈಕಲ್ ಅಂಗಡಿಯ ಮುಂದೆ ಕೂತಿದ್ದೆವು. ಅಂಗಡಿಯವರು ವಯಸ್ಸಾದವರು. ಅವರ ಹತ್ತಿರ ಆ ಭಾಗ ಇರಲಿಲ್ಲ. ಚೈನ್ ಕತ್ತರಿಸಿ, ಗೇರ್ ತೆಗೆದು, ಒಂದೇ ಹಲ್ಲುಚಕ್ರದ ಮೇಲೆ ಓಡುವ ಹಾಗೆ ಮಾಡಿಕೊಟ್ಟರು. ಬಗ್ಗಿದ ಕಡ್ಡಿಗಳನ್ನೂ ಹೊಸದಾಗಿ ಹಾಕಿದರು. ಮುಗಿಯುವಾಗ ಸಂಜೆ ನಾಲ್ಕೂವರೆ, ಹೊರಗೆ ಮಳೆ. ಮಯಿಲಾಡುತುರೈಯಲ್ಲಿ ಮಧ್ಯಾಹ್ನವೇ ತೀರ್ಥವಾರಿ, ಅಂದ್ರೆ ದೇವರ ತೀರ್ಥಸ್ನಾನ, ಮುಗಿದಿತ್ತು. ಅಮ್ಮ ಫೋನ್ ಮಾಡಿ "ಆಯ್ತಾ ಸ್ನಾನ?" ಅಂದಾಗ ತಂಗಿ ಉತ್ತರ ಹೇಳಲಾಗದೆ ಫೋನ್ ನನ್ನ ಕೈಗೆ ಕೊಟ್ಟಳು.

ಐದನೇ ದಿನ ನಸುಕಿಗೇ ಹೊರಟೆವು. ಇಲ್ಲಿ ಇನ್ನೊಂದು ಮಾತು. ಡೆಲ್ಟಾ ಸಪಾಟು, ಹತ್ತುವ ದಾರಿ ಇಲ್ಲ, ಯಾರು ಬೇಕಾದರೂ ಓಡಿಸಬಹುದು ಅಂತ ಬರೆದಿದ್ದೀರಿ. ಹತ್ತುವ ದಾರಿ ಇಲ್ಲ ನಿಜ, ಗಾಳಿ ಇದೆ. ಈಶಾನ್ಯ ಮಾರುತದ ತಿಂಗಳಲ್ಲಿ ಸಮುದ್ರದ ಕಡೆ ಹೋಗುವುದೆಂದರೆ ಇಡೀ ದಿನ ಎದುರುಗಾಳಿ. ಬಯಲಲ್ಲಿ ಮರೆ ಇಲ್ಲ. 38 ಕಿಲೋಮೀಟರ್‌ಗೆ ನಾಲ್ಕು ಗಂಟೆ ಹಿಡಿಯಿತು, ಅದರಲ್ಲೂ ಒಂದೇ ಗೇರ್. ಆ ಕಾಲದಲ್ಲಿ ಸಮುದ್ರದಿಂದ ತಿರುಚ್ಚಿ ಕಡೆಗೆ ಓಡಿಸಿದರೆ ಬೆನ್ನಿಗೆ ಗಾಳಿ ಸಿಗುತ್ತದೆ. ಇಷ್ಟು ಸಣ್ಣ ವಿಷಯ ಕೂಡ ಯೋಚಿಸಿಲ್ಲ ನೀವು.

ಮಯಿಲಾಡುತುರೈಯ ತುಲಾಘಟ್ಟದಲ್ಲಿ ಹೊಳೆ ನೋಡಿ ಮೊದಲು ಗುರುತೇ ಸಿಗಲಿಲ್ಲ. ನಮ್ಮೂರಲ್ಲಿ ಅಷ್ಟಗಲ ಹರಿಯುವವಳು ಊರೂರಿಗೆ, ಗದ್ದೆ ಗದ್ದೆಗೆ ಹಂಚಿಹೋಗಿ ಅಲ್ಲಿ ಒಂದು ದೊಡ್ಡ ಕಾಲುವೆಯಷ್ಟಾಗಿದ್ದಾಳೆ. ಮೆಟ್ಟಿಲಲ್ಲಿ ಇನ್ನೂ ಜನ ಮುಳುಗುತ್ತಿದ್ದರು. ನಿನ್ನೆ ಬರಲಾಗಲಿಲ್ಲ ಅಂದಾಗ ಒಬ್ಬ ಅಜ್ಜಿ ಹೇಳಿದರು: ಇವತ್ತು ಮುಡವನ್ ಮುಳುಕ್ಕು. ಕಾಲಿಲ್ಲದವನೊಬ್ಬ ಕಷ್ಟಪಟ್ಟು ಬಂದರೂ ಕೊನೆ ದಿನಕ್ಕೆ ತಲುಪಲಾಗದೆ ಅತ್ತನಂತೆ, ಅವನಿಗಾಗಿ ಶಿವ ಒಂದು ದಿನ ಜಾಸ್ತಿ ಕೊಟ್ಟನಂತೆ. ನಾವಿಬ್ಬರೂ ಮುಳುಗಿದೆವು. ಅಮ್ಮನ ತೀರ್ಥವನ್ನು ಅಲ್ಲೇ ಬಿಟ್ಟೆವು, ಯಾಕಂದ್ರೆ ರಾತ್ರಿ ರೈಲಿತ್ತು, ಬರೀ 24 ಕಿಲೋಮೀಟರ್ ಆಚೆಗಿದ್ದ ಪೂಂಪುಹಾರ್‌ಗೆ ಸಮಯವಿರಲಿಲ್ಲ. ತರಂಗಂಬಾಡಿಯ ಡೇನರ ಕೋಟೆಯೂ ತಪ್ಪಿತು. ಅವತ್ತು ಮನಸ್ಸಿಗೆ ಸಮಾಧಾನ ಸಿಕ್ಕಿದ್ದು ಆ ಅಜ್ಜಿಯಿಂದ. ನಿಮ್ಮ ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳಬೇಡಿ.

ಇಷ್ಟೆಲ್ಲ ಆದ ಮೇಲೆ ನೀವು "ಡಿರೇಲರ್ ಹಾಳು" ಅಂತ ನಮ್ಮ 5,000 ರೂಪಾಯಿ ಠೇವಣಿ ಹಿಡಿದುಕೊಂಡಿದ್ದೀರಿ. ನಿಮ್ಮ ಗೆರೆ, ನಿಮ್ಮ ಟಯರ್, ದಂಡ ನಮಗಾ?

ನಮಗೆ ಬೇಕಾದ್ದು ಇಷ್ಟು. ಆ ಠೇವಣಿ ಪೂರ್ತಿ ವಾಪಸ್ ಬರಬೇಕು. ಕೊನೆಯ ಮೂರು ದಿನದ ಹಣ 22,800, ಟೆಂಪೋ ಮತ್ತು ರಿಪೇರಿಯ 2,350 ಕೊಡಬೇಕು, ರಸೀದಿ ಲಗತ್ತಿಸಿದ್ದೇನೆ. ಹಣಕ್ಕಿಂತ ಮುಖ್ಯವಾದದ್ದು ಆ ಮೂರನೇ ದಿನದ ಫೈಲ್. ಅದನ್ನು ಇವತ್ತೇ ತೆಗೆಯಿರಿ. ಯಾರಾದರೂ ನಿಜವಾಗಿ ಸೈಕಲ್‌ನಲ್ಲಿ, ಮಳೆಗಾಲದಲ್ಲಿ, ಅಣೈಕ್ಕರೈ ಸೇತುವೆ ಮೇಲೆ ಹೋಗಿಬಂದ ಮೇಲೆ ಹೊಸದು ಹಾಕಿ. ನಮ್ಮ ನಂತರದ ತಂಡ ಡಿಸೆಂಬರ್ ಮೊದಲ ವಾರ ಹೊರಡುತ್ತೆ ಅಂತ ನಿಮ್ಮ ಪುಟದಲ್ಲೇ ಇದೆ. ಅವರಿಗೆ ಈಗಲೇ ತಿಳಿಸಿ.

15 ದಿನ ಕಾಯುತ್ತೇನೆ. ಆಮೇಲೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ನಾವು ನಿಜವಾಗಿ ಓಡಿಸಿದ ದಾರಿಯ ದಾಖಲೆ, ಕೊಳ್ಳಿಡಂ ದಂಡೆಯ ಆರು ಫೋಟೋ, ಮುರಿದ ಡಿರೇಲರ್‌ನ ಫೋಟೋ ಇದರ ಜೊತೆಗಿವೆ. ಉತ್ತರ ಬರಹದಲ್ಲೇ ಕೊಡಿ, ಫೋನ್ ಬೇಡ.