ಆರ್ಟ್ಸ್ ಓದಿದವರು ಮಾಡಿಟ್ಟ ಸಾಮಾನು

ಎಲ್ಲರಿಗೂ ನಮಸ್ಕಾರ.

ಯುಗಾದಿ ಊಟ ಮುಗಿದ ಮೇಲೆ ಕುರ್ಚಿ ಮಡಿಸಿಟ್ಟು ಸ್ಟೋರ್ ರೂಮಿಗೆ ಬೀಗ ಹಾಕುವ ಕೆಲಸ ಈ ಸಲವೂ ಸಂಪಾದಕರ, ಅಂದರೆ ನನ್ನ, ಪಾಲಿಗೇ ಬಂತು. ಆ ರೂಮಿನ ಮೂಲೆಯಲ್ಲಿ ಮೂರು ರಟ್ಟಿನ ಡಬ್ಬಗಳಿವೆ. ನಮ್ಮ ಕನ್ನಡ ಕೂಟದ ಲೈಬ್ರರಿ ಅಂದರೆ ಅದೇ. ಊರು ಬದಲಾಯಿಸುವವರು, ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗುವವರು ತಂದಿಟ್ಟ ಪುಸ್ತಕಗಳು. ಒಂದು ಡಬ್ಬ ಎತ್ತಿದೆ, ತಳ ಕಿತ್ತುಬಂತು. ಮೊದಲು ನನ್ನ ಕಾಲಿನ ಮೇಲೆ ಬಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಇಟ್ಟಿಗೆ ಬಿದ್ದಿದ್ದರೆ ವಾಸಿಯಿತ್ತು. ಎರಡು ದಿನ ಕುಂಟಿದೆ.

ಅವತ್ತೇ ಊಟದ ಸಾಲಿನಲ್ಲಿ ಒಬ್ಬರು ತಾಯಿ ನನ್ನನ್ನು ತಡೆದು ಕೇಳಿದ್ದರು: "ಮಗಳು ಯೂನಿವರ್ಸಿಟಿಯಲ್ಲಿ ಹಿಸ್ಟರಿ ತಗೋತೀನಿ ಅಂತ ಹಟ ಹಿಡಿದಿದ್ದಾಳೆ. ಆರ್ಟ್ಸ್ ಓದಿ ಏನು ಮಾಡೋಕಾಗುತ್ತೆ, ನೀವೇ ಹೇಳಿ ಸರ್." ನಾನು ಬಾಯಲ್ಲಿದ್ದ ಹೋಳಿಗೆಯ ನೆಪ ಮಾಡಿಕೊಂಡು ಸುಮ್ಮನಾದೆ. ಕಾರಣ ಇಷ್ಟೇ. ನಾನೇ ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಹಿಸ್ಟರಿ ಎಂ.ಎ. ಮಾಡಿದವನು. ಈಗ ಇಲ್ಲಿ, ಕಡಲಾಚೆಯ ಊರಲ್ಲಿ, ಇನ್ಶೂರೆನ್ಸ್ ಕ್ಲೇಮುಗಳ ಫೈಲು ನೋಡಿಕೊಂಡಿದ್ದೇನೆ. ಒಳ್ಳೆಯ ಉದಾಹರಣೆ ಅಲ್ಲ.

ಕಾಲಿಗೆ ಐಸ್ ಇಟ್ಟುಕೊಂಡು ಕೂತಾಗ ಆ ನಿಘಂಟನ್ನೇ ತಿರುವಿ ಹಾಕುತ್ತಿದ್ದೆ. ಉತ್ತರ ಅಲ್ಲೇ ಇತ್ತು. ತಡವಾಯಿತು, ಆದರೂ ಇಲ್ಲಿ ಬರೆಯುತ್ತೇನೆ.

ಆ ನಿಘಂಟು ಮೊದಲು ಅಚ್ಚಾದದ್ದು 1946ರಲ್ಲಿ. ಅದನ್ನು ಮಾಡಿದ ಸಮಿತಿಗೆ ಹಿರಿಯರಾಗಿದ್ದವರು ಬಿ.ಎಂ. ಶ್ರೀಕಂಠಯ್ಯ. ಅದೇ ವರ್ಷದ ಜನವರಿಯಲ್ಲಿ ಅವರು ಧಾರವಾಡದಲ್ಲಿ ತೀರಿಕೊಂಡರು. ಬಿ.ಎಂ.ಶ್ರೀ ಅಂದ ತಕ್ಷಣ ನಮಗೆ ಅವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ 'ಇಂಗ್ಲಿಷ್ ಗೀತಗಳು' ನೆನಪಾಗುತ್ತದೆ. ಆದರೆ ಮನುಷ್ಯ ಸಂಬಳ ತೆಗೆದುಕೊಂಡದ್ದು ಇಂಗ್ಲಿಷ್ ಮೇಷ್ಟ್ರಾಗಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಅಲ್ಲಿ ಷೇಕ್ಸ್‌ಪಿಯರ್ ಪಾಠ ಮಾಡುತ್ತಿದ್ದವರು 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆ ಎತ್ತಬೇಕಾದರೆ ಏನು ಮಾಡಬೇಕು ಅಂತ ಭಾಷಣ ಮಾಡಿ ಬಂದರು. 1926ರಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಅವರೊಬ್ಬರೇ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ರಿಜಿಸ್ಟ್ರಾರ್ ಕುರ್ಚಿಯಲ್ಲಿ ಅಂಥವರು ಕೂತಿದ್ದಾಗ ಫೈಲು ಸ್ವಲ್ಪ ಬೇಗ ಓಡುತ್ತದೆ, ಅಲ್ವಾ? ಫೈಲುಗಳ ವಿಷಯ ನನಗೆ ಗೊತ್ತು.

ಈ ಇಸವಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಸಂಸ್ಥಾನ ಕನ್ನಡದ್ದು, ಜನ ಕನ್ನಡದವರು. ಆದರೂ ಕನ್ನಡದಲ್ಲಿ ಎಂ.ಎ. ಓದಲು 11 ವರ್ಷ ಕಾಯಬೇಕಾಯಿತು. ನಮ್ಮ ಶನಿವಾರದ ಕನ್ನಡ ತರಗತಿಗೆ ಮಕ್ಕಳು ಬರುತ್ತಿಲ್ಲ ಎಂದು ಕಮಿಟಿಯಲ್ಲಿ ಗೋಳಾಡುವಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ. ಮೈಸೂರಲ್ಲೇ ಹಾಗಿತ್ತು.

ಮಹಾರಾಜಾ ಕಾಲೇಜು ವಿಶ್ವವಿದ್ಯಾನಿಲಯಕ್ಕಿಂತ ಹಳೆಯದು. ಅದರ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆಸಿದ ಇಂಗ್ಲಿಷ್ ಸ್ಕೂಲಿನಲ್ಲಿದೆ. ಅಲ್ಲಿ ಓದಿದವರಿಗೆ ಡಿಗ್ರಿ ಮದ್ರಾಸಿನಿಂದ ಬರಬೇಕಿತ್ತು. ಮೈಸೂರಿಗೇ ವಿಶ್ವವಿದ್ಯಾನಿಲಯ ಬಂದಾಗ ಸೈನ್ಸ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಯಿತು, ಆರ್ಟ್ಸ್ ಮಹಾರಾಜಾ ಕಾಲೇಜಿನಲ್ಲಿ ಉಳಿಯಿತು. ಹಾಗಾಗಿ ಬಹಳ ವರ್ಷ ಮೈಸೂರಿನಲ್ಲಿ ಕಾಲೇಜು ಅಂದರೆ ಆರ್ಟ್ಸ್ ಕಾಲೇಜು. ಫಿಲಾಸಫಿ ಓದಿದವನಿಗೆ ಯಾರೂ 'ಅಯ್ಯೋ ಪಾಪ' ಅನ್ನುತ್ತಿರಲಿಲ್ಲ.

ಫಿಲಾಸಫಿಗೆ 1918ರಲ್ಲಿ ಪ್ರೊಫೆಸರ್ ಆಗಿ ಬಂದವರು ರಾಧಾಕೃಷ್ಣನ್. ಮೂರು ವರ್ಷ ಇದ್ದು 1921ರಲ್ಲಿ ಕಲ್ಕತ್ತೆಗೆ ಹೋದರು. ಹೋಗುವ ದಿನ ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಗೆ ತಾವೇ ಹೆಗಲು ಕೊಟ್ಟು ಸ್ಟೇಷನ್ನಿನ ತನಕ ಎಳೆದುಕೊಂಡು ಹೋದ ಕತೆ ನಿಮಗೆಲ್ಲ ಗೊತ್ತು. ಟೀಚರ್ಸ್ ಡೇಗೆ ಪ್ರತಿ ವರ್ಷ ವಾಟ್ಸಾಪಿನಲ್ಲಿ ಬರುತ್ತದೆ. ಅಷ್ಟಾಗಿ ಯಾರೂ ಫಾರ್ವರ್ಡ್ ಮಾಡದ ಸಂಗತಿ ಒಂದಿದೆ. ಕಲ್ಕತ್ತೆಯಲ್ಲಿ ಅವರು ಕೂತ ಪೀಠವನ್ನು ಖಾಲಿ ಮಾಡಿದವರು ಬ್ರಜೇಂದ್ರನಾಥ ಸೀಲ್. ಖಾಲಿ ಮಾಡಿ ಎಲ್ಲಿಗೆ ಬಂದರು? ಮೈಸೂರಿಗೆ, ಕುಲಪತಿಯಾಗಿ. ಹೀಗೊಂದು ಅದಲುಬದಲು. ಸೀಲರು 1930ರವರೆಗೆ ಇದ್ದರು. ಕನ್ನಡ ಎಂ.ಎ. ಶುರುವಾದದ್ದು ಈ ಬಂಗಾಳಿ ಕುಲಪತಿಯ ಕಾಲದಲ್ಲಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದವರು, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್. ಇವರಿಗೆ ರೇಡಿಯೋ ಹುಚ್ಚು. 1935ರಲ್ಲಿ ತಮ್ಮ ಮನೆಯಲ್ಲೇ, 'ವಿಠ್ಠಲ ವಿಹಾರ' ಅಂತ ಅದರ ಹೆಸರು, ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿಬಿಟ್ಟರು. ಸರ್ಕಾರ ಹೇಳಿದ್ದಲ್ಲ, ಕಾಲೇಜು ಹೇಳಿದ್ದೂ ಅಲ್ಲ. ಮನುಷ್ಯರ ಮನಸ್ಸಿನ ಪಾಠ ಮಾಡುವವರಿಗೆ ಅಷ್ಟು ಜನರ ಕಿವಿಗೆ ಒಟ್ಟಿಗೆ ಮುಟ್ಟುವ ಯಂತ್ರದ ಮೇಲೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಪುಟ್ಟ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ನನ್ನ ಅಪ್ಪ ಬೆಳಗ್ಗೆ ಕಾಫಿ ಕುಡಿಯುತ್ತಾ ವಾರ್ತೆ ಕೇಳುವಾಗ, ಆ ಪದ ಮೈಸೂರಿನ ಒಬ್ಬ ಆರ್ಟ್ಸ್ ಮೇಷ್ಟ್ರ ಮನೆಯಿಂದ ಹೊರಟಿದ್ದು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮನಃಶಾಸ್ತ್ರದ ಮಾತು ಬಂತಲ್ಲ, ಆ ವಿಷಯವನ್ನು ಮೈಸೂರಿನಲ್ಲಿ ಓದಿದವರಲ್ಲಿ ಒಬ್ಬರು ಅನಸೂಯಾ. ನಾವೆಲ್ಲ ಅವರನ್ನು ತ್ರಿವೇಣಿ ಅಂತ ಓದಿದ್ದೇವೆ. 'ಶರಪಂಜರ'ದ ಕಾವೇರಿಯನ್ನು ಊರವರು ಹುಚ್ಚಿ ಅಂದಾಗ ತ್ರಿವೇಣಿ ಆಕೆಯ ಒಳಗೆ ಹೋಗಿ ಕೂತರು. ಆ ಧೈರ್ಯಕ್ಕೆ ಕ್ಲಾಸ್ ರೂಮಿನ ಪಾಲು ಸ್ವಲ್ಪವಾದರೂ ಇದ್ದೇ ಇದೆ ಅಂತ ನನ್ನ ನಂಬಿಕೆ. ಬಾಣಂತನದ ನಂತರ ಮನಸ್ಸು ಕದಡುವುದನ್ನು ಕನ್ನಡದ ಮನೆಮನೆಗಳಲ್ಲಿ ಕಾದಂಬರಿಯಾಗಿ ಓದುವಂತೆ ಮಾಡಿದವರು ಅವರು. ಅಂದಹಾಗೆ ಅವರು ಬಿ.ಎಂ.ಶ್ರೀಯವರ ತಮ್ಮನ ಮಗಳು. ಆದರೆ ಹಳೆಯ ಮಹಾರಾಜಾ ಕಾಲೇಜಿನ ಹೊಗಳಿಕೆಯ ಪಟ್ಟಿಗಳಲ್ಲಿ ಹೆಂಗಸರ ಹೆಸರು ಹುಡುಕಬೇಕು. ಮೈಸೂರಿನವರಾದ ನಾವು ಹಳೆಯ ಮೇಷ್ಟ್ರುಗಳನ್ನು ಹೊಗಳುವುದು ಸ್ವಲ್ಪ ಜಾಸ್ತಿ. ಆ ತರಗತಿಗಳಲ್ಲಿ ಯಾರು ಕೂತಿದ್ದರು, ಯಾರಿಗೆ ಕೂರಲು ಆಗಲಿಲ್ಲ ಅನ್ನುವುದನ್ನು ಹೇಳುವುದು ಕಮ್ಮಿ.

ಅದಕ್ಕೇ ಕುವೆಂಪು ಅವರ ದಾರಿ ಬೇರೆಯಾಗಿ ಕಾಣುತ್ತದೆ. ಮಲೆನಾಡಿನ ಕುಪ್ಪಳಿಯಿಂದ ಬಂದ ಒಕ್ಕಲಿಗರ ಹುಡುಗ. 1929ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ಆ ಎಂ.ಎ.ಯ ಮೊದಲ ತಂಡದವರು. ಅದೇ ಕಾಲೇಜಿನಲ್ಲಿ ಪಾಠ ಹೇಳಲು ನಿಂತರು. 1955ರಲ್ಲಿ ಅಲ್ಲಿಗೇ ಪ್ರಿನ್ಸಿಪಾಲ್, 1956ರಲ್ಲಿ ಕುಲಪತಿ. ಎಂ.ಎ. ಮಟ್ಟಕ್ಕೆ ಏರಲು 11 ವರ್ಷ ಕಾದ ವಿಷಯದ ವಿದ್ಯಾರ್ಥಿ, 40 ವರ್ಷ ತುಂಬಿದ ವಿಶ್ವವಿದ್ಯಾನಿಲಯವನ್ನೇ ನಡೆಸಲು ಕೂತರು. ಅವರಿಗೆ ಪಾಠ ಹೇಳಿದ್ದ ಟಿ.ಎಸ್. ವೆಂಕಣ್ಣಯ್ಯ 1939ರಲ್ಲೇ ತೀರಿಕೊಂಡಿದ್ದರು, ಇದನ್ನೆಲ್ಲ ನೋಡಲಿಲ್ಲ. 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಅವರಿಗೇ. ನಮ್ಮ ಡಬ್ಬದಲ್ಲಿ ಆ ಪುಸ್ತಕವೂ ಇದೆ. ಮೊದಲ ಪುಟಗಳನ್ನಾದರೂ ಓದಿ, ಒಬ್ಬ ಮೇಷ್ಟ್ರಿಗೆ ಇನ್ನೊಬ್ಬ ಮೇಷ್ಟ್ರು ಲೆಕ್ಕ ಒಪ್ಪಿಸುವ ರೀತಿ ಅದು.

ಊರಾಚೆಗೆ ಹೊಸ ಕ್ಯಾಂಪಸ್ ಕಟ್ಟಿ ಅದಕ್ಕೆ 'ಮಾನಸಗಂಗೋತ್ರಿ' ಅಂತ ಹೆಸರಿಟ್ಟದ್ದೂ ಕುವೆಂಪು. ಎಂ.ಎ. ತರಗತಿಗಳು ನಿಧಾನಕ್ಕೆ ಅಲ್ಲಿಗೆ ಹೋದವು. ನಾನು ಸೇರುವ ಹೊತ್ತಿಗೆ ಎಲ್ಲರೂ ಬರೀ 'ಗಂಗೋತ್ರಿ' ಅನ್ನುತ್ತಿದ್ದರು. ಮಧ್ಯಾಹ್ನ ಕ್ಲಾಸು ತಪ್ಪಿಸಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂರುವುದು, ಕಡಲೆಕಾಯಿ ತಿನ್ನುತ್ತಾ ಹೊಯ್ಸಳರ ವಂಶಾವಳಿ ಬಾಯಿಪಾಠ ಮಾಡುವುದು. ವಂಶಾವಳಿ ಮರೆತಿದೆ, ಕೆರೆ ಮರೆತಿಲ್ಲ. ಕ್ಯಾಂಪಸ್ಸಿನೊಳಗೇ ಜಯಲಕ್ಷ್ಮಿ ವಿಲಾಸ ಅನ್ನುವ ಅರಮನೆ ಇದೆ. ರಾಜಕುಮಾರಿಯೊಬ್ಬರಿಗೆ ಕಟ್ಟಿಸಿದ್ದು. ಅಲ್ಲಿ ಈಗ ಜಾನಪದ ವಸ್ತುಸಂಗ್ರಹಾಲಯ. ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಹಳ್ಳಿ ಮನೆಯ ಪಾತ್ರೆ ಪಡಗ ಎಲ್ಲ ಅರಮನೆಯ ತೇಗದ ಕಂಬಗಳ ನಡುವೆ. ಕನ್ನಡ ವಿಭಾಗದವರು ಬಸ್ಸು ಹತ್ತಿ ಊರೂರು ತಿರುಗಿ ಸೇರಿಸಿದ ಸಾಮಾನು. ಹಳ್ಳಿಯವರು ಹಾಡುವ ಪದಗಳನ್ನೂ ಹಾಗೆಯೇ ಸೇರಿಸಿದರು. ನಮ್ಮ ಹೆಂಗಸರ ತಂಡ ರಾಜ್ಯೋತ್ಸವಕ್ಕೆ ಹಾಡುವ ಬೀಸುವ ಪದಗಳು ಅಚ್ಚಿಗೆ ಬಂದದ್ದು ಇಂಥ ತಿರುಗಾಟಗಳಿಂದ. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಅದೇ ಕ್ಯಾಂಪಸ್ಸಿನಿಂದ ಬಂತು. ಒಟ್ಟು 14 ಸಂಪುಟ. ನಮ್ಮಲ್ಲಿ ಎರಡೇ ಇವೆ. ಉಳಿದವು ಯಾರ ಬೇಸ್‌ಮೆಂಟಿನಲ್ಲಿವೆಯೋ!

ಈ ಕಾಲೇಜಿನಿಂದ ಹೊರಟು ನಮ್ಮ ಹಾಗೆ ಕಡಲು ದಾಟಿದವರೂ ಇದ್ದಾರೆ. ಎ.ಕೆ. ರಾಮಾನುಜನ್ ಮಹಾರಾಜಾದಲ್ಲಿ ಇಂಗ್ಲಿಷ್ ಓದಿ, ಕೊನೆಗೆ ಶಿಕಾಗೋ ಸೇರಿದರು. ಅಲ್ಲಿ ಕೂತು ಬಸವಣ್ಣ, ಅಕ್ಕ, ಅಲ್ಲಮರನ್ನು ಇಂಗ್ಲಿಷಿಗೆ ತಂದರು. 1973ರಲ್ಲಿ ಆ ಪುಸ್ತಕ ಬಂದ ಮೇಲೆ ವಚನ ಅಂದರೇನು ಅಂತ ಹೊರಗಿನವರಿಗೆ ಬಿಡಿಸಿ ಹೇಳುವುದು ನಮಗೆಲ್ಲ ಸುಲಭವಾಯಿತು. ಅನಂತಮೂರ್ತಿಯವರೂ ಅಲ್ಲೇ ಇಂಗ್ಲಿಷ್ ಎಂ.ಎ. ಮಾಡಿದವರು. 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ, ಅರ್ಥವಾಗದ ಭಾಷೆಯ ಸಿನಿಮಾವೊಂದನ್ನು ಸಬ್‌ಟೈಟಲ್ ಇಲ್ಲದೆ ನೋಡಿ ಬಂದ ಮೇಲೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಇಂಗ್ಲಿಷಿಗೆ ತಂದದ್ದು ಮತ್ತೆ ರಾಮಾನುಜನ್. ಒಬ್ಬರು ಇಂಗ್ಲೆಂಡಿನಲ್ಲಿ, ಒಬ್ಬರು ಅಮೆರಿಕದಲ್ಲಿ, ಕೆಲಸ ನಡೆದದ್ದು ಮಲೆನಾಡಿನ ಒಂದು ಅಗ್ರಹಾರದ ಮೇಲೆ.

ಎಲ್ಲರೂ ಮೆಡಲ್ ಹೊಡೆದವರೇ ಅಂದುಕೊಳ್ಳಬೇಡಿ. ಆರ್.ಕೆ. ನಾರಾಯಣ್ ಕಾಲೇಜು ಸೇರುವ ಪರೀಕ್ಷೆಯಲ್ಲೇ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತು ಸಿಕ್ಕಿದ್ದೆಲ್ಲ ಓದಿದರು. ಆಮೇಲೆ ಮಹಾರಾಜಾ ಸೇರಿ 1930ರಲ್ಲಿ ಬಿ.ಎ. ಮುಗಿಸಿದರು. ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿರುವ ನಮ್ಮ ಕೂಟದ ಮಕ್ಕಳು ಇದನ್ನು ಅಮ್ಮಂದಿರಿಗೆ ಓದಿ ಹೇಳಬಹುದು.

ಇನ್ನೊಂದು ಸಾಮಾನನ್ನು ಹೇಳದೆ ಇರಲಾರೆ. ಕಾಲೇಜಿಗೆ ಹತ್ತಿರದಲ್ಲೇ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ ಇತ್ತು. ಆಮೇಲೆ ಅದು ವಿಶ್ವವಿದ್ಯಾನಿಲಯಕ್ಕೇ ಸೇರಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟೊಂದನ್ನು ಅಲ್ಲಿನ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರು. ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಕೇಳಿದ್ದರೂ ಪುಸ್ತಕವನ್ನೇ ಯಾರೂ ಕಂಡಿರಲಿಲ್ಲ. 1909ರಲ್ಲಿ ಅಚ್ಚು ಮಾಡಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಹಿಸ್ಟರಿ ಓದಿ ಏನು ಮಾಡೋದು ಅಂದವರಿಗೆ ಇಷ್ಟು ಸಾಕು. ಆದರೂ ಆ ತಾಯಿಗೆ ಹೇಳಬೇಕಾದ ನಿಜ ಒಂದಿದೆ. ಶಾಸ್ತ್ರಿಗಳು ಆ ಕೆಲಸದಿಂದ ದುಡ್ಡು ಮಾಡಲಿಲ್ಲ. ಇನ್ಶೂರೆನ್ಸ್ ಕಂಪನಿಯಲ್ಲಿ ನಾನು ಮಾಡಿದ್ದೇನೆ.

ಈ ಸಂಚಿಕೆಯ ಪ್ರಕಟಣೆಗಳು ಮೂರು. ಯಾರ ಗರಾಜಿನಲ್ಲಾದರೂ ಗಟ್ಟಿಯಾದ ಪುಸ್ತಕದ ಬೀರು ಖಾಲಿ ಬಿದ್ದಿದ್ದರೆ ಕೂಟಕ್ಕೆ ಕೊಡಿ, ಇನ್ನೊಮ್ಮೆ ಕಾಲು ಒಡ್ಡುವ ಧೈರ್ಯ ನನಗಿಲ್ಲ. ಮಹಾರಾಜಾದಲ್ಲೋ ಗಂಗೋತ್ರಿಯಲ್ಲೋ ಓದಿದವರು ನಿಮ್ಮ ಬ್ಯಾಚಿನ ಗ್ರೂಪ್ ಫೋಟೋ, ಜೊತೆಗೆ ಒಬ್ಬ ಮೇಷ್ಟ್ರ ಬಗ್ಗೆ ಒಂದು ಪುಟ ಬರೆದು ಕಳಿಸಿ. ದಯವಿಟ್ಟು ಯೂನಿಕೋಡಿನಲ್ಲಿ. ಹಳೆಯ ಫಾಂಟಿನಲ್ಲಿ ಬಂದ ಲೇಖನ ನನ್ನ ಕಂಪ್ಯೂಟರಿನಲ್ಲಿ ಅರ್ಥಶಾಸ್ತ್ರದ ತಾಳೆಗರಿಗಿಂತ ಕಷ್ಟ.

ಮೂರನೆಯದು, ನಿಘಂಟು ಸದ್ಯಕ್ಕೆ ಡಬ್ಬದಲ್ಲಿಲ್ಲ. ಹೋದ ಶನಿವಾರ ಹಿಸ್ಟರಿಯ ಆ ಹುಡುಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಒಯ್ದಿದ್ದಾಳೆ. ಎರಡು ವಾರದಲ್ಲಿ ವಾಪಸ್ ತರುತ್ತಾಳಂತೆ. ಬೇಕಾದವರು ಅವಳ ನಂತರ ಹೆಸರು ಬರೆಸಿ.